ಚೀನಾದಲ್ಲಿ ಬಿಡಾರ ಹೂಡುವವರಿಗೆ: ಮೊದಲು ಹೆಸರು, ಆಮೇಲೆ ಮಿಕ್ಕಿದ್ದು

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಮೂರೂ ಗಿವನ್ ನೇಮ್ ಅನ್ನುವ ಒಂದೇ ಸಾಲಿನಲ್ಲಿ ಕೂತಿವೆ. ನಮ್ಮ ಕಡೆ ಎಷ್ಟೋ ಜನರದ್ದು ಹೀಗೇ ಅಲ್ವಾ? ದಕ್ಷಿಣ ಚೀನಾದ ಗುವಾಂಗ್‌ಝೌಗೆ ಬಂದ ಮೊದಲ ತಿಂಗಳು ಬ್ಯಾಂಕಿನವರು ಈ ಮೂರು ಪದಗಳ ನಡುವೆ ಜಾಗ ಬಿಟ್ಟು ಬರೆದುಕೊಂಡರು. ಸಿಮ್ ಕೊಟ್ಟವರು ಎಲ್ಲ ಸೇರಿಸಿ ಒಂದೇ ಉದ್ದನೆಯ ಪದ ಮಾಡಿದರು. ಅಷ್ಟೇ ಆಗಿದ್ದು. ಆದರೆ ಆ ಖಾಲಿ ಜಾಗದಿಂದಾಗಿ, ಇಲ್ಲಿ ಮಾತಿಗೂ ಹಣ ಕೊಡಲೂ ಎಲ್ಲರೂ ಬಳಸುವ ಆ್ಯಪ್ ಆದ ವೀಚಾಟ್‌ಗೆ ಬ್ಯಾಂಕ್ ಕಾರ್ಡ್ ಸೇರಲಿಲ್ಲ, ವೀಚಾಟ್ ಇಲ್ಲದೆ ಮನೆ ಬಾಡಿಗೆ ಕಟ್ಟಲಾಗಲಿಲ್ಲ. ಬ್ಯಾಂಕಿಗೂ ಸಿಮ್ ಅಂಗಡಿಗೂ ಐದು ಸಲ ಓಡಾಡಿದ ಮೇಲೆ ಸರಿಯಾಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಪ್ರವಾಸಕ್ಕೆ ಬರುವವರಿಗಲ್ಲ, ಕೆಲಸಕ್ಕೆ ಬಂದು ವರ್ಷಗಟ್ಟಲೆ ಇರುವವರಿಗೆ. ಇಲ್ಲಿ ವಿದೇಶಿಯರ ಬದುಕು ಮೂರು ಗೂಟಕ್ಕೆ ಕಟ್ಟಿದ ಹಾಗಿರುತ್ತದೆ: ಹೆಸರು, ಫೋನ್ ನಂಬರ್, ವಿಳಾಸ. ಮೂರೂ ಎಲ್ಲ ಕಡೆ ಒಂದೇ ಥರ ಇದ್ದರೆ ದಿನಗಳು ಸಲೀಸಾಗಿ ಹೋಗುತ್ತವೆ. ಒಂದು ಅಕ್ಷರ ಆಚೀಚೆ ಆದರೂ ಸಿಕ್ಕು ಬಿಡಿಸುತ್ತಾ ಕೂರಬೇಕು.

ಊರು ಬಿಡುವ ಮೊದಲು

ಕೆಲಸಕ್ಕೆ ಬರುವವರಿಗೆ ಬೇಕಾದದ್ದು ಝಡ್ ವೀಸಾ. ಅದಕ್ಕೆ ಮುಂಚೆ ಕಂಪನಿಯವರು ವರ್ಕ್ ಪರ್ಮಿಟ್‌ನ ಅನುಮತಿ ಪತ್ರ ತೆಗೆಸಿ ಕಳಿಸಬೇಕು. ಅದನ್ನು ತೆಗೆಸಲು ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಮತ್ತು ಪೊಲೀಸ್ ಕ್ಲಿಯರೆನ್ಸ್ ಅಟೆಸ್ಟ್ ಆಗಿರಬೇಕು, ಅಂದರೆ ಅಸಲಿ ಅಂತ ಅಧಿಕೃತ ಮುದ್ರೆ ಬಿದ್ದಿರಬೇಕು. ಡಿಗ್ರಿ ಮೊದಲು ರಾಜ್ಯ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಚೀನಾದ ರಾಯಭಾರ ಕಚೇರಿಯಲ್ಲಿ. ಇದಕ್ಕೆ ವಾರಗಳೇ ಹಿಡಿಯುತ್ತವೆ. ಆಫರ್ ಲೆಟರ್ ಬಂದ ದಿನವೇ ಶುರು ಮಾಡಿ.

ಗಂಡ, ಹೆಂಡತಿ, ಮಕ್ಕಳು ಜೊತೆಗೆ ಬರುವುದಾದರೆ ಮದುವೆ ಸರ್ಟಿಫಿಕೇಟ್ ಮತ್ತು ಮಕ್ಕಳ ಜನನ ಪತ್ರವೂ ಇದೇ ದಾರಿಯಲ್ಲಿ ಹೋಗಿ ಬರಬೇಕು. ಮದುವೆಯಾಗಿ ಹತ್ತು ವರ್ಷವಾದರೂ ನೋಂದಣಿ ಮಾಡಿಸದ ಜೋಡಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನಾವೂ ಹಾಗೇ ಇದ್ದೆವು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಮೊದಲು ಹೋಗಿ. ಆ ಕಾಗದದಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ ಅಂತ ಅಲ್ಲೇ ನಿಂತು ಓದಿ ನೋಡಿ.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಸುಮ್ನೆ ಓದಿ ಬಿಡಬೇಡಿ. ಕುಟುಂಬದವರಿಗೆ ಸಿಗುವ ಎಸ್1 ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ವ್ಯಾಪಾರದ ಎಂ ವೀಸಾದಲ್ಲಿ ಬಂದು ಸಂಬಳಕ್ಕೆ ಸೇರುವಂತೆಯೂ ಇಲ್ಲ. "ಈಗ ಎಂ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಾಯಿಸೋಣ" ಅಂತ ಏಜೆಂಟರು ಹೇಳುತ್ತಾರೆ. ಯೋಗ ಕಲಿಸಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ಈ ಮಾತು ಜಾಸ್ತಿ ಕೇಳಿಸುತ್ತದೆ. ಸಿಕ್ಕಿಬಿದ್ದರೆ ದಂಡ 5,000ದಿಂದ 20,000 ಯುವಾನ್. ಕೆಲವು ದಿನದ ಬಂಧನ, ಗಡೀಪಾರು ಕೂಡ ಆಗಬಹುದು. ಆಗ ಏಜೆಂಟ್ ಫೋನ್ ಎತ್ತುವುದಿಲ್ಲ.

ಮೊದಲ 24 ಗಂಟೆ, ಮೊದಲ 30 ದಿನ

ಹೋಟೆಲಿನಲ್ಲಿ ಇಳಿದರೆ ಪೊಲೀಸ್ ನೋಂದಣಿಯನ್ನು ಅವರೇ ಮಾಡುತ್ತಾರೆ. ಮನೆಗೆ ಹೋದರೆ, ಅದು ಬಾಡಿಗೆ ಮನೆ ಇರಲಿ ಗೆಳೆಯರ ಮನೆ ಇರಲಿ, 24 ಗಂಟೆಯೊಳಗೆ ನೀವೇ ಆ ಏರಿಯಾದ ಪೊಲೀಸ್ ಠಾಣೆಗೆ ಹೋಗಿ ಹೆಸರು ಬರೆಸಬೇಕು. ಠಾಣೆಗೆ ಇಲ್ಲಿ ಪಾಯ್‌ಚೂಸ್ವೊ ಅನ್ನುತ್ತಾರೆ. ಪೊಲೀಸ್ ಅಂದಕೂಡಲೇ ಹೆದರಬೇಡಿ, ಇದು ಅವರಿಗೆ ದಿನನಿತ್ಯದ ಕೆಲಸ. ಕೆಲವು ನಗರಗಳಲ್ಲಿ ಫೋನಿನಿಂದಲೇ ಮಾಡಬಹುದು. ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಮನೆ ಪತ್ರದ ನಕಲು, ಅವರ ಗುರುತಿನ ಚೀಟಿಯ ನಕಲು ಇಟ್ಟುಕೊಂಡು ಹೋಗಿ. ಒಂದು ಚೀಟಿ ಕೊಡುತ್ತಾರೆ. ಅದು ಬ್ಯಾಂಕಿಗೆ, ವೀಸಾ ಕಚೇರಿಗೆ, ಶಾಲೆಗೆ, ಎಲ್ಲದಕ್ಕೂ ಬೇಕು. ನೋಂದಣಿ ಮಾಡಿಸದಿದ್ದರೆ 2,000 ಯುವಾನ್‌ವರೆಗೆ ದಂಡ ಇದೆ. ಮನೆ ಬದಲಾದರೆ, ಪಾಸ್‌ಪೋರ್ಟ್ ಹೊಸದಾದರೆ ಮತ್ತೆ ಮಾಡಿಸಿ.

ಝಡ್ ವೀಸಾದಲ್ಲಿ ಬಂದವರು 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಮುಂಚೆ ವೈದ್ಯಕೀಯ ತಪಾಸಣೆ: ರಕ್ತ, ಎದೆಯ ಎಕ್ಸ್‌ರೇ, ಇಸಿಜಿ ಹೀಗೆ. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಪರ್ಮಿಟ್ ಶುಲ್ಕ ಒಂದು ವರ್ಷದೊಳಗಿನದಕ್ಕೆ 400 ಯುವಾನ್, ಒಂದರಿಂದ ಮೂರು ವರ್ಷದ್ದಕ್ಕೆ 800.

ಇಲ್ಲಿ ತುಂಬ ಜನ ಎಡವುವುದು ಒಂದೇ ಜಾಗದಲ್ಲಿ. ಅರ್ಜಿ ಹಾಕಿದ ದಿನ ಪಾಸ್‌ಪೋರ್ಟ್ ಅವರ ಹತ್ತಿರ ಉಳಿಯುತ್ತದೆ, ವಾಪಸ್ ಬರಲು 15 ಕೆಲಸದ ದಿನಗಳವರೆಗೆ ಹಿಡಿಯಬಹುದು. ಕೈಗೆ ಫೋಟೋ ಇರುವ ರಸೀದಿ ಕೊಡುತ್ತಾರೆ. ಆ ರಸೀದಿಯಲ್ಲಿ ದೇಶದೊಳಗೆ ರೈಲು ಹತ್ತಬಹುದು, ಹೋಟೆಲಿನಲ್ಲಿ ಇಳಿಯಬಹುದು. ಆದರೆ ಸಿಮ್, ಬ್ಯಾಂಕ್ ಕೆಲಸ ಅದರಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಕೊಡುವ ಮುಂಚೆಯೇ ಸಿಮ್ ತಗೊಳ್ಳಿ. ಬ್ಯಾಂಕಿಗೂ ಒಂದು ಸಲ ಹೋಗಿ ಕೇಳಿ. ಪರ್ಮಿಟ್ ಬಂದ ಮೇಲೆ ಬನ್ನಿ ಅಂದರೆ ಕಾಯಬೇಕು.

ಸಂದೇಹ ಇದ್ದರೆ 12367ಕ್ಕೆ ಫೋನ್ ಮಾಡಿ. ವಲಸೆ ಇಲಾಖೆಯ ಸಹಾಯವಾಣಿ ಅದು, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಅವಧಿ ಮುಗಿದ ಮೇಲೂ ಉಳಿದರೆ ದಿನಕ್ಕೆ 500 ಯುವಾನ್ ದಂಡ, ಒಟ್ಟು 10,000ದವರೆಗೆ. ಪರ್ಮಿಟ್ ಮುಗಿಯುವ ದಿನಾಂಕವನ್ನು ಕಂಪನಿಯವರು ನೋಡಿಕೊಳ್ಳುತ್ತಾರೆ ಅಂತ ಬಿಡಬೇಡಿ, ನೀವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಸಿಮ್, ಬ್ಯಾಂಕ್, ವೀಚಾಟ್: ಇದೇ ಕ್ರಮ

ಸಿಮ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಕೊಟ್ಟು ಸುಮ್ಮನೆ ಕೂರಬೇಡಿ. ಹೆಸರನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆದರು ಅಂತ ಪರದೆ ನೋಡಿ, ಅವರನ್ನು ಕೇಳಿ ಒಂದು ಫೋಟೋ ತೆಗೆದುಕೊಳ್ಳಿ. ಎಲ್ಲ ದೊಡ್ಡ ಅಕ್ಷರವಾ, ಪದಗಳ ನಡುವೆ ಜಾಗ ಇದೆಯಾ, ಹೆಸರು ಉದ್ದ ಅಂತ ಕೊನೆಗೆ ಕತ್ತರಿಸಿ ಹೋಗಿದೆಯಾ, ಎಲ್ಲ ನೋಡಿ. ಆ ಫೋಟೋವನ್ನೇ ಬ್ಯಾಂಕಿನ ಕೌಂಟರಿನಲ್ಲಿ ತೋರಿಸಿ "ಇದೇ ಥರ ಬರೆಯಿರಿ" ಅನ್ನಿ. ಬ್ಯಾಂಕಿನಲ್ಲೂ ಒಂದು ಪ್ರಿಂಟ್ ಕೇಳಿ ಪಡೆಯಿರಿ. ವೀಚಾಟ್, ಅಲಿಪೇಯಲ್ಲಿ (ಇದೂ ಹಣ ಕೊಡುವ ಆ್ಯಪ್) ಕಾರ್ಡ್ ಸೇರಿಸುವಾಗ ಹೆಸರು, ಪಾಸ್‌ಪೋರ್ಟ್ ನಂಬರ್, ಫೋನ್ ನಂಬರ್ ಮೂರೂ ಬ್ಯಾಂಕಿನಲ್ಲಿ ಇರುವುದಕ್ಕೆ ತಾಳೆಯಾಗಬೇಕು. ಆಗದಿದ್ದರೆ ಆ್ಯಪ್ ಕಾರಣ ಸರಿಯಾಗಿ ಹೇಳುವುದಿಲ್ಲ, ಸುಮ್ಮನೆ ಆಗುವುದಿಲ್ಲ ಅನ್ನುತ್ತದೆ. ಸರ್‌ನೇಮ್ ಇದ್ದವರೂ ನೋಡಿಕೊಳ್ಳಿ, ಒಬ್ಬರು ಅದನ್ನು ಮೊದಲು ಬರೆಯುತ್ತಾರೆ, ಇನ್ನೊಬ್ಬರು ಕೊನೆಗೆ.

ಅಲ್ಲಿಯವರೆಗೆ ಹೊಟ್ಟೆಪಾಡು ಹೇಗೆ ಅಂದರೆ, ಊರಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡನ್ನು ಅಲಿಪೇಗೆ ಸೇರಿಸಬಹುದು. 200 ಯುವಾನ್ ಒಳಗಿನ ಖರೀದಿಗೆ ಶುಲ್ಕವಿಲ್ಲ, ಅದಕ್ಕಿಂತ ಜಾಸ್ತಿಯಾದರೆ 3 ಪರ್ಸೆಂಟ್. ಊರು ಬಿಡುವ ಮೊದಲೇ ಆ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಸಿ. ಸ್ವಲ್ಪ ನಗದೂ ಇಟ್ಟುಕೊಳ್ಳಿ.

ಊರಿನ ಸಿಮ್ ಅನ್ನು ಮಾತ್ರ ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಅಲ್ಲಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ರೀಚಾರ್ಜ್ ಮಾಡುವ ಜವಾಬ್ದಾರಿಯನ್ನು ತಮ್ಮನಿಗೋ ಅಕ್ಕನಿಗೋ ವಹಿಸಿ.

ಸಂಬಳದಲ್ಲಿ ಊರಿಗೆ ಹಣ ಕಳಿಸಲು ತೆರಿಗೆ ಕಟ್ಟಿದ ದಾಖಲೆ ಮತ್ತು ಕೆಲಸದ ಕರಾರು ಬ್ಯಾಂಕಿಗೆ ಬೇಕು. ಪ್ರತಿ ತಿಂಗಳ ಸಂಬಳದ ಚೀಟಿ ಎತ್ತಿಡಿ. ವರ್ಷದ ತೆರಿಗೆ ಲೆಕ್ಕ ಮಾರ್ಚ್ 1ರಿಂದ ಜೂನ್ 30ರ ಒಳಗೆ ಫೋನಿನಲ್ಲೇ ಮುಗಿಸಬಹುದು. ಎಷ್ಟೋ ಸಲ ಹಣ ವಾಪಸ್ ಬರುತ್ತದೆ.

ಮನೆ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇಲ್ಲಿನ ಲೆಕ್ಕ ಹಗುರ ಅನ್ನಿಸುತ್ತದೆ. ಗುವಾಂಗ್‌ಝೌ ಕಡೆ ಸಾಮಾನ್ಯವಾಗಿ ಎರಡು ತಿಂಗಳ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವುದು. ಬೀಜಿಂಗ್, ಶಾಂಘೈಯಲ್ಲಿ ಒಂದು ತಿಂಗಳ ಅಡ್ವಾನ್ಸ್, ಜೊತೆಗೆ ಮೂರು ತಿಂಗಳ ಬಾಡಿಗೆ ಒಟ್ಟಿಗೆ. ಬ್ರೋಕರ್ ಕಮಿಷನ್ ಬೇರೆ.

ಮನೆ ನೋಡಲು ಹೋದಾಗ ಬಾಲ್ಕನಿ ನೋಡುವ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ: ಪೊಲೀಸ್ ನೋಂದಣಿಗೆ ಕಾಗದ ಕೊಡುತ್ತೀರಾ? ಹಿಂದೆಮುಂದೆ ನೋಡಿದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಒಳಗೆ ಹೋದ ದಿನ ಗೋಡೆ, ನಲ್ಲಿ, ಮೀಟರ್ ಎಲ್ಲದರ ವಿಡಿಯೋ ಮಾಡಿ ಮಾಲೀಕರಿಗೆ ವೀಚಾಟ್‌ನಲ್ಲಿ ಕಳಿಸಿ. ಬಿಡುವ ದಿನ ಅಡ್ವಾನ್ಸ್ ವಾಪಸ್ ಕೇಳುವಾಗ ಅದೇ ಸಾಕ್ಷಿ.

ಬೀಜಿಂಗ್ ಕಡೆ ಚಳಿಗಾಲದಲ್ಲಿ ಇಡೀ ನಗರಕ್ಕೆ ಹೀಟಿಂಗ್ ಬರುತ್ತದೆ, ನವೆಂಬರ್ 15ರಿಂದ ಮಾರ್ಚ್ 15ರವರೆಗೆ. ಶಾಂಘೈಯಿಂದ ಕೆಳಗೆ ಆ ಏರ್ಪಾಡು ಇಲ್ಲ, ಏಸಿಯೇ ಗತಿ. ಗುವಾಂಗ್‌ಝೌಗೆ ಚಳಿಗಿಂತ ದೊಡ್ಡ ಕಾಟ ಹ್ವೇನಾನ್‌ತ್ಯೆನ್. ಫೆಬ್ರವರಿಯಿಂದ ಏಪ್ರಿಲ್ ನಡುವೆ ಕೆಲವು ದಿನ ಸಮುದ್ರದ ಕಡೆಯಿಂದ ಬೆಚ್ಚಗಿನ ಒದ್ದೆ ಗಾಳಿ ಬಂದು ತಣ್ಣಗಿರುವ ಗೋಡೆಗೆ ತಾಗಿ, ಗೋಡೆ ನೆಲ ಕನ್ನಡಿ ಎಲ್ಲ ಬೆವರುತ್ತವೆ, ನೀರು ಇಳಿಯುತ್ತದೆ. ನಾನು ಕುಂದಾಪುರದ ಕಡೆಯವಳು, ಜುಲೈಯಲ್ಲಿ ಬಟ್ಟೆ ಒಣಗದ ಮನೆಯಲ್ಲೇ ಬೆಳೆದವಳು, ನನಗೂ ಇದು ಹೊಸದು. ಗಾಳಿಯಾಡಲಿ ಅಂತ ಕಿಟಕಿ ತೆರೆಯುವುದು ನಮ್ಮ ಅಭ್ಯಾಸ. ಆ ದಿನಗಳಲ್ಲಿ ಹಾಗೆ ಮಾಡಲೇಬಾರದು. ಕಿಟಕಿ ಮುಚ್ಚಿ ಏಸಿಯ ತೇವ ತೆಗೆಯುವ ಮೋಡ್ ಹಾಕಿ. ಡಿಗ್ರಿ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಮಕ್ಕಳ ಕಾಗದ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ನನ್ನ ಮಾರ್ಕ್ಸ್ ಕಾರ್ಡಿಗೆ ಬೂಷ್ಟು ಹಿಡಿದದ್ದು ಮೊದಲ ವರ್ಷವೇ.

ಮನೆಗೆ ಸಾಮಾನು ತಲುಪಿಸುವವರಿಗೆ ಚೀನೀ ಲಿಪಿಯ ವಿಳಾಸ ಬೇಕು. ಒಮ್ಮೆ ಮಾಲೀಕರಿಂದ ಬರೆಸಿಕೊಂಡು ಫೋನಿನಲ್ಲಿ ಉಳಿಸಿಕೊಳ್ಳಿ, ಟ್ಯಾಕ್ಸಿಗೂ ಅದೇ ತೋರಿಸಬಹುದು. ಚಾಲಕರನ್ನು, ನಲ್ಲಿ ರಿಪೇರಿಯವರನ್ನು ಶಿಫು ಅಂತ ಕರೆಯಿರಿ. ಗುಡಿಸುವ, ಅಡುಗೆ ಮಾಡುವ ಹಿರಿಯ ಹೆಂಗಸರು ಆಯಿ. ಅಂಗಡಿಯವರು ಲಾವ್‌ಬಾನ್, ನಮ್ಮ ಯಜಮಾನರು ಇದ್ದ ಹಾಗೆ. ಈ ಮೂರು ಪದ ಬಂದರೆ ಅರ್ಧ ಕೆಲಸ ಆದ ಹಾಗೆ.

ಸಂತೆ ಮತ್ತು ಅಡುಗೆಮನೆ

ಊಟದ ಚಿಂತೆ ಮಾಡುವವರಿಗೆ ಮೊದಲು ಒಂದು ಒಳ್ಳೆಯ ಸುದ್ದಿ. ದಕ್ಷಿಣ ಚೀನಾದ ತರಕಾರಿ ಸಂತೆಗೆ ಹೋದರೆ ನಮ್ಮ ಅಮ್ಮಂದಿರಿಗೆ ಅಳು ಬರುವಷ್ಟು ಖುಷಿಯಾಗುತ್ತದೆ. ಬೂದುಗುಂಬಳ, ಹಾಗಲಕಾಯಿ, ತುಪ್ಪದ ಹೀರೆ, ಕೆಸುವಿನ ಗೆಡ್ಡೆ, ಉದ್ದನೆಯ ಅಲಸಂದೆ ಕಾಯಿ, ಕೆಂಪು ಹರಿವೆ, ಕಾಲ ಬಂದಾಗ ಹಲಸಿನ ಹಣ್ಣು ಎಲ್ಲ ಇವೆ. ಬಸಳೆಯೂ ಇದೆ. ಇಲ್ಲಿಯ ಭಾಷೆ ಕ್ಯಾಂಟನೀಸಿನಲ್ಲಿ ಅದು ಸಾನ್ ಚೋಯ್. ಮೊದಲ ಸಲ ಅದನ್ನು ನೋಡಿದ ದಿನ ನಾನು ಎರಡು ಕಟ್ಟು ತಂದು ತೆಂಗಿನಕಾಯಿ ಹಾಕಿ ಬಸಳೆ ಹುಳಿ ಮಾಡಿದೆ, ನಮ್ಮ ಮನೆಯವರು ಆವತ್ತು ಮಾತಾಡದೆ ಮೂರು ಸಲ ಬಡಿಸಿಕೊಂಡರು.

ಸಂತೆಯಲ್ಲಿ ಬೆಲೆ ಹೇಳುವುದು ಕಿಲೋಗೆ ಅಲ್ಲ, ಜಿನ್‌ಗೆ. ಒಂದು ಜಿನ್ ಅಂದರೆ 500 ಗ್ರಾಂ. ಎರಡು ಜಿನ್ ಕೇಳಿದರೆ ಒಂದು ಕಿಲೋ.

ಅಕ್ಕಿ ಕೊಳ್ಳುವಾಗ ಈಶಾನ್ಯದ ಅಕ್ಕಿ ಬಿಡಿ, ಅದು ಅಂಟಂಟು. ಗುವಾಂಗ್‌ಝೌ ಇರುವ ಪ್ರಾಂತ್ಯ ಗುವಾಂಗ್‌ಡಾಂಗ್‌ನದೇ ಆದ ಸಿಮಿಯಾವ್ ಅಕ್ಕಿ ಕೇಳಿ. ಉದ್ದ ಕಾಳು, ಅನ್ನ ಉದುರುದುರು, ಸಾರಿಗೆ ಹೊಂದುತ್ತದೆ. ಹೆಸರುಕಾಳು ಎಲ್ಲ ಕಡೆ ಸಿಗುತ್ತದೆ. ಶಿಯಾವ್‌ಮಿ ಅಂತ ಮಾರುವ ಸಣ್ಣ ಹಳದಿ ಧಾನ್ಯ ಬೇರೇನೂ ಅಲ್ಲ, ನಮ್ಮ ನವಣೆಯೇ. ಇಲ್ಲಿಯವರು ಗಂಜಿ ಮಾಡುತ್ತಾರೆ, ನಾನು ಉಪ್ಪಿಟ್ಟು ಮಾಡುತ್ತೇನೆ. ಆದರೆ ತೊಗರಿಬೇಳೆ, ಉದ್ದಿನಬೇಳೆ ಸಂತೆಯಲ್ಲಿ ಇಲ್ಲ. ಅದಕ್ಕೆ ಭಾರತೀಯ ದಿನಸಿ ಅಂಗಡಿಗೇ ಹೋಗಬೇಕು, ಇಲ್ಲವೇ ಆನ್‌ಲೈನ್ ಅಂಗಡಿ ಟಾವ್‌ಬಾವ್‌ನಲ್ಲಿ ತರಿಸಬೇಕು. ಕಪ್ಪು ಕಾಳು ಕಂಡು ಉದ್ದು ಅಂತ ತರಬೇಡಿ, ಅದು ಕಪ್ಪು ಸೋಯಾ. ಮೊಸರು ಬಹುಪಾಲು ಸಿಹಿಯಾಗಿರುತ್ತದೆ. ಸಕ್ಕರೆ ಇಲ್ಲದ್ದನ್ನು ಒಮ್ಮೆ ಹುಡುಕಿ ತಂದು ಹೆಪ್ಪು ಮಾಡಿಕೊಂಡರೆ ಆಮೇಲೆ ಮನೆಯದೇ.

ಮಿಕ್ಸಿ ಊರಿನಿಂದಲೇ ತನ್ನಿ. ಇಲ್ಲಿ 220 ವೋಲ್ಟ್, ನಮ್ಮ ಮಿಕ್ಸಿ ಸರಿಯಾಗಿ ಓಡುತ್ತದೆ, ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ಕುಕ್ಕರಿಗೆ ಒಂದಷ್ಟು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೊಂಡು ಬನ್ನಿ.

ಹೊರಗೆ ತಿನ್ನುವ ಸಸ್ಯಾಹಾರಿಗಳಿಗೆ: "ಮಾಂಸ ಬೇಡ" ಅಂದರೆ ಸಾಲದು. ಸೊಪ್ಪಿನ ಪಲ್ಯದ ಮೇಲೆ ಆಯ್ಸ್ಟರ್ ಅನ್ನುವ ಚಿಪ್ಪುಮೀನಿನ ಸಾಸ್ ಸುರಿಯುತ್ತಾರೆ, ಕೋಳಿ ಪುಡಿ ಹಾಕುತ್ತಾರೆ, ಸಾರು ಮೂಳೆಯದ್ದಾಗಿರುತ್ತದೆ. ಅವರು ಮೋಸ ಮಾಡುವುದಲ್ಲ, ಅವರ ಲೆಕ್ಕದಲ್ಲಿ ತುಂಡು ಇಲ್ಲ ಅಂದರೆ ಮಾಂಸ ಇಲ್ಲ. ವೊ ಚ್ರ್ ಸು, ನಾನು ಸಸ್ಯಾಹಾರಿ ಅನ್ನಿ. ಹಾವ್‌ಯೋ ಬೇಡ ಅಂತ ಬಿಡಿಸಿ ಹೇಳಿ, ಅದು ಆಯ್ಸ್ಟರ್ ಸಾಸ್. ಇವನ್ನು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೌದ್ಧ ಗುಡಿಗಳ ಆಸುಪಾಸಿನ ಸಸ್ಯಾಹಾರಿ ಹೋಟೆಲುಗಳು ಎಲ್ಲಕ್ಕಿಂತ ನಂಬಿಕೆಗೆ ಯೋಗ್ಯ. ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಹಾಗಾಗಿ ನಮ್ಮ ಅತ್ತೆ ಬಂದಿದ್ದಾಗ ಅವರು ಹೊರಗೆ ಊಟ ಮಾಡಿದ್ದು ಅಲ್ಲಿ ಮಾತ್ರ. ಚಾಂದ್ರಮಾನದ 1 ಮತ್ತು 15ನೇ ದಿನ ಅಲ್ಲಿ ಜನ ಜಾಸ್ತಿ, ಬೇಗ ಹೋಗಿ.

ಆಸ್ಪತ್ರೆ

ಮಗನಿಗೆ ಮೊದಲ ಸಲ ಜ್ವರ ಬಂದಾಗ ನಾನು ಸೀದಾ ಡಾಕ್ಟರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಯಾರೂ ಒಳಗೆ ಬಿಡಲಿಲ್ಲ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಂತ ಒಂದೂವರೆ ಗಂಟೆ ಹೋಯಿತು, ಮಗು ಹೆಗಲ ಮೇಲೆ ಸುಡುತ್ತಿತ್ತು. ಆ ಕಷ್ಟ ನಿಮಗೆ ಬೇಡ. ಕ್ರಮ ಹೀಗಿದೆ. ಮೊದಲು ಗ್ವಾಹಾವ್, ಅಂದರೆ ಯಾವ ವಿಭಾಗ ಅಂತ ಹೇಳಿ ಹೆಸರು ಬರೆಸಿ ದುಡ್ಡು ಕಟ್ಟುವುದು. ಆಮೇಲೆ ಸರದಿ, ಡಾಕ್ಟರ್. ಅವರು ಪರೀಕ್ಷೆ ಬರೆದರೆ ಮತ್ತೆ ದುಡ್ಡು ಕಟ್ಟಿ ಪರೀಕ್ಷೆ, ವರದಿ ಹಿಡಿದು ಮತ್ತೆ ಅದೇ ಡಾಕ್ಟರ ಹತ್ತಿರ, ಆಮೇಲೆ ಔಷಧಿಗೆ ದುಡ್ಡು, ಕೊನೆಗೆ ಔಷಧಿ. ಪ್ರತಿ ಹೆಜ್ಜೆಗೂ ಮೊದಲು ಪಾವತಿ. ಜ್ವರಕ್ಕೆ ಎಷ್ಟೋ ಆಸ್ಪತ್ರೆಗಳಲ್ಲಿ ಬೇರೆಯೇ ಕ್ಲಿನಿಕ್ ಇದೆ, ಬಾಗಿಲಲ್ಲೇ ಕೇಳಿ. ಪಾಸ್‌ಪೋರ್ಟ್ ಮರೆಯಬೇಡಿ, ಮಗುವಿನದ್ದೂ.

ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾನ್‌ಜ್ಯಾ ದರ್ಜೆ ಎಲ್ಲಕ್ಕಿಂತ ಮೇಲಿನದು. ಖರ್ಚು ಖಾಸಗಿ ಅಂತರರಾಷ್ಟ್ರೀಯ ಕ್ಲಿನಿಕ್‌ಗಳಿಗಿಂತ ಎಷ್ಟೋ ಕಡಿಮೆ. ಅಲರ್ಜಿ ಇದ್ದರೆ, ಬಿಪಿ ಶುಗರ್ ಔಷಧಿ ತಗೊಳ್ಳುತ್ತಿದ್ದರೆ ಚೀನೀ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಡಿ. ಆಂಬುಲೆನ್ಸ್ 120, ಪೊಲೀಸ್ 110, ಅಗ್ನಿಶಾಮಕ 119.

ಊರಿಗೆ ಫೋನ್

ಇದು ಮನಸ್ಸಿಗೆ ಹತ್ತಿರದ ವಿಷಯ. ವಾಟ್ಸಾಪ್ ಇಲ್ಲಿ ನಡೆಯುವುದಿಲ್ಲ. ವೀಚಾಟ್ ಅನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಅಂದರೆ ಅಮ್ಮನ ಫೋನಿನಲ್ಲಿ ಇರುವುದು ನಮ್ಮಲ್ಲಿಲ್ಲ, ನಮ್ಮಲ್ಲಿರುವುದು ಅಮ್ಮನ ಹತ್ತಿರ ಇಲ್ಲ. ತಡೆ ದಾಟಿ ಇಂಟರ್ನೆಟ್ ಬಳಸಲು ಹಾಕುವ ವಿಪಿಎನ್, ಅನುಮತಿ ಇಲ್ಲದ್ದಾದರೆ, ಇಲ್ಲಿ ಕಾನೂನಿಗೆ ವಿರುದ್ಧ, ಅದನ್ನು ನಾನು ಹೇಳಿಕೊಡುವುದಿಲ್ಲ. ಬೇರೆ ದಾರಿ ಇದೆ. ಹೊರದೇಶದ ಸಿಮ್‌ನ ರೋಮಿಂಗ್ ಡೇಟಾ ಆ ದೇಶದ ಮೂಲಕವೇ ಹೋಗುತ್ತದೆ, ಹಾಗಾಗಿ ಊರಿನ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸಿದರೆ ಅಥವಾ ಹಾಂಗ್‌ಕಾಂಗ್‌ನ ಡೇಟಾ ಸಿಮ್ ಇಟ್ಟುಕೊಂಡರೆ ವಾಟ್ಸಾಪ್ ಬರುತ್ತದೆ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಕೂಡ ಆಗುತ್ತದೆ. ಊರು ಬಿಡುವ ಮುಂಚೆಯೇ ಎರಡು ದಾರಿ ಸಿದ್ಧ ಮಾಡಿ, ಅಮ್ಮನ ಕೈಯಲ್ಲಿ ಒಂದು ಸಲ ಮಾಡಿಸಿ ನೋಡಿ. ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದೆ. ಊರಲ್ಲಿ ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹತ್ತೂವರೆ.

ನೇರ ವಿಮಾನಗಳು 2020ರಲ್ಲಿ ನಿಂತವು ಮತ್ತೆ ಶುರುವಾದದ್ದು 2025ರ ಅಕ್ಟೋಬರ್ 26ರಂದು, ಕೋಲ್ಕತ್ತಾ ಮತ್ತು ಗುವಾಂಗ್‌ಝೌ ನಡುವೆ. ಆ ಐದು ವರ್ಷ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದಾಗ ಬೇರೆ ದೇಶ ಸುತ್ತಿ ಊರು ಮುಟ್ಟಬೇಕಿತ್ತು. ತುರ್ತಿಗೆ ಅಂತ ಟಿಕೆಟ್ಟಿನಷ್ಟು ಹಣ ಬೇರೆಯಾಗಿ ಎತ್ತಿಡಿ.

ಪಾಸ್‌ಪೋರ್ಟ್ ಹೊಸದಾದಾಗ

ಇದು ಹೊಸಬರಿಗೆ ಯಾರೂ ಹೇಳದ ಮಾತು. ಹತ್ತು ವರ್ಷ ತುಂಬಿ ಪಾಸ್‌ಪೋರ್ಟ್ ಬದಲಾದಾಗ ನಂಬರ್ ಬದಲಾಗುತ್ತದೆ, ಇಲ್ಲಿನ ವ್ಯವಸ್ಥೆಗೆ ನೀವು ಬೇರೆ ಮನುಷ್ಯರಾಗುತ್ತೀರಿ. ಭಾರತದ ರಾಯಭಾರ ಕಚೇರಿ ಬೀಜಿಂಗ್‌ನಲ್ಲಿದೆ, ಕಾನ್ಸುಲೇಟ್ ಶಾಂಘೈ, ಗುವಾಂಗ್‌ಝೌ, ಹಾಂಗ್‌ಕಾಂಗ್‌ನಲ್ಲಿವೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಿ. ಹೊಸದು ಕೈಗೆ ಬಂದ ಮೇಲೆ 10 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್ ಬದಲಾವಣೆಗೆ ಅರ್ಜಿ ಹಾಕಬೇಕು. ವರ್ಕ್ ಪರ್ಮಿಟ್, ಪೊಲೀಸ್ ನೋಂದಣಿಯೂ ಬದಲಾಗಬೇಕು. ಆಮೇಲೆ ಸಿಮ್, ಬ್ಯಾಂಕ್. ಇಷ್ಟಾದ ಮೇಲೆ ಮಾತ್ರ ವೀಚಾಟ್, ಅಲಿಪೇ, ರೈಲ್ವೆ ಟಿಕೆಟ್ಟಿನ 12306, ತೆರಿಗೆ ಆ್ಯಪ್. ಬ್ಯಾಂಕಿಗಿಂತ ಮೊದಲು ವೀಚಾಟ್ ಬದಲಾಯಿಸಲು ಹೋದರೆ ತಾಳೆಯಾಗದೆ ನಿಂತುಹೋಗುತ್ತದೆ, ಒಳಗಿರುವ ದುಡ್ಡು ತೆಗೆಯಲೂ ಕಷ್ಟ. ಬದಲಾಯಿಸುವ ವಾರ ವೀಚಾಟ್‌ನಲ್ಲಿ ಜಾಸ್ತಿ ಹಣ ಇಡಬೇಡಿ.

ನಿಮ್ಮ ಪಾಸ್‌ಪೋರ್ಟ್ ನಂಬರ್ ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆಯುತ್ತಾ ಬನ್ನಿ, ಹೆಸರನ್ನು ಅಲ್ಲಿ ಹೇಗೆ ಬರೆದರು ಅನ್ನುವುದನ್ನೂ ಸೇರಿಸಿ. ನನ್ನ ಪಟ್ಟಿ ಹತ್ತೊಂಬತ್ತಕ್ಕೆ ಬಂದು ನಿಂತಿತ್ತು. ಹಳೆಯ ಪಾಸ್‌ಪೋರ್ಟನ್ನು ಕಾನ್ಸುಲೇಟಿನವರು ಮೂಲೆ ಕತ್ತರಿಸಿ ವಾಪಸ್ ಕೊಡುತ್ತಾರೆ, ಬ್ಯಾಂಕಿನವರು ಹೊಸದರ ಜೊತೆ ಅದನ್ನೂ ನೋಡಬೇಕು ಅನ್ನುತ್ತಾರೆ. ಅದನ್ನೂ ಆ ಗಾಳಿಯಾಡದ ಡಬ್ಬಿಗೇ ಹಾಕಿಡಿ.